ಅಷ್ಟೂರಿನ ಒಡೆದ ಗುಮ್ಮಟ ನೋಡೋಕೆ ಹೋಗುವವರಿಗೆ

ಭಾನುವಾರ ಬೀದರ್ ಕೋಟೆಯಲ್ಲಿ ಜಾತ್ರೆಯಷ್ಟು ಜನ. ನನಗೆ ಗದ್ದಲ ಆಗಿಬರುವುದಿಲ್ಲ. ಅರ್ಧ ಗಂಟೆಯಲ್ಲೇ ಹೊರಬಿದ್ದು, ಅವ್ವನನ್ನು ಕರೆದುಕೊಂಡು ಅಷ್ಟೂರಿನ ದಾರಿ ಹಿಡಿದೆ.

ಊರಿಂದ ಮೂರು ಕಿಲೋಮೀಟರ್ ಅಷ್ಟೇ. ಆಟೋದವನು ಹೋಗಿ ಬರೋಕೆ 250 ರೂಪಾಯಿ ಅಂದಿದ್ದ. ಇಳಿದ ಮೇಲೆ ‘ಕಾಯೋದಕ್ಕೆ ಬೇರೆ’ ಅಂತ 500 ಕೇಳಿದ. ಬಿಸಿಲಲ್ಲಿ ಅವ್ವನನ್ನು ನಡೆಸೋಕೆ ಆಗಲ್ಲ, ಕೊಟ್ಟೆ. ಈಗಲೂ ಹೊಟ್ಟೆ ಉರಿಯುತ್ತದೆ. ಒಂದೂವರೆ ಗಂಟೆ ಕಾಯಬೇಕು ಅಂತ ಹತ್ತುವ ಮೊದಲೇ ಹೇಳಿ ದರ ಮಾತಾಡಿಕೊಳ್ಳಿ.

ಅಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. 1461ರಲ್ಲಿ ಸತ್ತ ಬಹಮನಿ ಸುಲ್ತಾನ ಹುಮಾಯೂನನ ಗೋರಿಗೆ ಸಿಡಿಲು ಬಡಿದು ಗುಮ್ಮಟ ಸೀಳಿದೆ. ಉಪ್ಪಿನಕಾಯಿಗೆ ಮಾವು ಹೋಳು ಮಾಡಿದ ಹಾಗೆ ಒಳಗಿನದೆಲ್ಲ ಕಾಣುತ್ತದೆ. ಗೋಡೆ ಎಷ್ಟು ದಪ್ಪ, ಗುಮ್ಮಟ ಎಲ್ಲಿಂದ ಬಾಗಿದೆ, ಎಲ್ಲವೂ. ಇಡಿಯಾಗಿ ಉಳಿದ ಯಾವ ಗುಮ್ಮಟವೂ ಇದನ್ನು ತೋರಿಸುವುದಿಲ್ಲ.

‘ಸಿಮೆಂಟ್ ಹಾಕಿ ಮತ್ತೆ ಕಟ್ಟಬಾರದಾ?’ ಅಂತ ಪಕ್ಕದಲ್ಲಿ ಯಾರೋ ಕೇಳಿದರು. ದಯವಿಟ್ಟು ಬೇಡ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ, ಆಮೇಲೆ ಹಳೆಯ ಇಟ್ಟಿಗೆ ಪುಡಿಯಾಗಿ ಉದುರುತ್ತದೆ. ಬಿರುಕಲ್ಲಿ ಗಿಡ ಬೇರು ಬಿಡದಂತೆ, ಒಡೆದ ಅಂಚಿನಲ್ಲಿ ಮಳೆನೀರು ಇಳಿಯದಂತೆ ಸುಣ್ಣದಿಂದಲೇ ಭದ್ರ ಮಾಡಿದರೆ ಸಾಕು. ಹೀಗೇ ನಿಂತಿರಲಿ.

ಅಹ್ಮದ್ ಶಾ ವಲಿಯ ಗೋರಿಯೊಳಗೆ ಕತ್ತಲು. ಸುಮ್ನೆ ಐದು ನಿಮಿಷ ನಿಂತರೆ ಮೇಲಿನ ಬಣ್ಣದ ಚಿತ್ತಾರ, ಬಂಗಾರದ ಅಕ್ಷರ ಮೆಲ್ಲಗೆ ಕಾಣತೊಡಗುತ್ತವೆ. ಫ್ಲ್ಯಾಶ್ ಹಾಕಬೇಡಿ, ಗೋಡೆ ಮುಟ್ಟಬೇಡಿ. ಈ ಸುಲ್ತಾನನನ್ನು ಅಲ್ಲಮಪ್ರಭು ಅಂತ ನಂಬುವವರಿದ್ದಾರೆ. ಉರುಸಿಗೆ ನಮ್ಮ ಆಳಂದ ತಾಲ್ಲೂಕಿನ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಅವ್ವನ ತವರು ಆ ಕಡೆಯದೇ. ಬಾಗಿಲಲ್ಲಿ ತುಂಬಾ ಹೊತ್ತು ಕೈಮುಗಿದು ನಿಂತಳು.

ನೀರು ಜಾಸ್ತಿ ಒಯ್ಯಿರಿ. ಊಟಕ್ಕೆ ಊರಿಗೇ ಬನ್ನಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಖಾನಾವಳಿ ಸಿಕ್ಕಿತು, ಬೋರ್ಡೂ ಇಲ್ಲ. 80 ರೂಪಾಯಿಗೆ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಲೆ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲಲೇ ಇಲ್ಲ. ಪುಂಡಿ ಪಲ್ಲೆಗೆ ಬೆಳ್ಳುಳ್ಳಿ ಒಗ್ಗರಣೆ, ಹುಳಿ ಸರಿಯಾಗಿ ಹಿಡಿದಿತ್ತು. ಅವ್ವ ಬೇರೆಯವರ ಅಡುಗೆಯನ್ನು ಹೊಗಳುವವಳಲ್ಲ, ಇಲ್ಲಿ ಎರಡು ಸಲ ಪಲ್ಲೆ ಹಾಕಿಸಿಕೊಂಡಳು. ‘ಇನ್ನೊಂದು ತಗೋ ಯವ್ವಾ’ ಅಂತ ಬಡಿಸುತ್ತಿದ್ದ ಅಕ್ಕ ತಟ್ಟೆಗೆ ರೊಟ್ಟಿ ಹಾಕಿಯೇಬಿಟ್ಟಳು, ಅದಕ್ಕೆ ದುಡ್ಡು ಹಿಡಿಯಲಿಲ್ಲ. ಎರಡು ಗಂಟೆಯೊಳಗೆ ಹೋಗಿ. ನಾವು ಏಳುವಾಗ ಪಲ್ಲೆ ಖಾಲಿಯಾಗಿತ್ತು.