ಮನ್ಯಾಗ ಹೇಳಿ ಬಂದೀರೇನ್ರಿ?

ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ಮೂರು ವರ್ಷ ಇರಬಹುದು. ಬೈಕಿನ ಮೇಲೆ ಕೂತೇ ಇದ್ದ, ಇಳಿಯಲಿಲ್ಲ. ತಲೆಗೆ ಹೆಲ್ಮೆಟ್ ಬದಲು ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡಿದ್ದ. ನಮ್ಮ ಗುಂಪನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದ. ಸೀರೆ, ಸೀರೆ ಕೆಳಗೆ ಸ್ಪೋರ್ಟ್ಸ್ ಶೂ, ಮೊಣಕಾಲಿಗೆ ನೀ ಕ್ಯಾಪ್, ಕೈಯಲ್ಲಿ ಕೋಲು, ಒಬ್ಬರ ತಲೆ ಮೇಲೆ ಯೂರಿಯಾ ಚೀಲದ ಕೊಪ್ಪೆ. ನೋಡಿ ಕೇಳಿದ, "ಅಮ್ಮಾರೆ, ಈ ಮಳ್ಯಾಗ ಎಲ್ಲಿಗ್ರಿ? ಮನ್ಯಾಗ ಹೇಳಿ ಬಂದೀರೇನ್ರಿ?"

ಕೇಳಿದ್ದು ಮರ್ಯಾದೆಯಿಂದಲೇ. ವ್ಯಂಗ್ಯ ಇರಲಿಲ್ಲ, ನಿಜವಾಗಿ ಕಾಳಜಿ ಇತ್ತು. ಅದಕ್ಕೇ ಈ ವಾರವೆಲ್ಲ ಆ ಮಾತು ತಲೆಯಿಂದ ಹೋಗ್ತಿಲ್ಲ. ವ್ಯಂಗ್ಯ ಆಗಿದ್ದರೆ ಬೈದು ಮರೀಬಹುದಿತ್ತು.

ಉತ್ತರ ಕೊಟ್ಟಿದ್ದು ಅಕ್ಕೋರು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ಹೆಡ್ ಮೇಡಂ ಆಗಿ ನಿವೃತ್ತರಾದವರು. ಕನ್ನಡಕದ ಮೇಲಿನ ನೀರು ಸೆರಗಿನಿಂದ ಒರೆಸಿಕೊಳ್ಳುತ್ತಾ, ಅವನ ಮುಖ ಸರಿಯಾಗಿ ಕಾಣೋವರೆಗೂ ಕಾದು ಹೇಳಿದರು, "ಇಲ್ಲಪ್ಪ, ಹೇಳಿಲ್ಲ. ನೀ ಹೇಳಿ ಬಂದಿಯೇನು?"

ಹುಡುಗ ಗೆಳೆಯರ ಕಡೆ ನೋಡಿದ. ಹಲ್ಲು ಕಿರಿದ. "ಇಲ್ರಿ."

ಎಲ್ಲರೂ ನಕ್ಕೆವು, ಅವನೂ ನಕ್ಕ. ಬೈಕುಗಳು ಕೆಸರು ಹಾರಿಸುತ್ತಾ ಮುಂದೆ ಹೋದವು. ಅಷ್ಟೇ ನಡೆದಿದ್ದು.

ಗುಂಪಿನಲ್ಲಿ ನಾನೇ ಚಿಕ್ಕವಳು. ಉಳಿದವರೆಲ್ಲ ಅರವತ್ತು ದಾಟಿದವರು, ಒಬ್ಬರಿಗೆ ಎಪ್ಪತ್ತೊಂದು. ಬೆಳಗ್ಗೆ ಕಲಬುರಗಿಯ ಅಪ್ಪನ ಕೆರೆ ಸುತ್ತ ವಾಕಿಂಗ್ ಹೋಗ್ತಾ ಹೋಗ್ತಾ ಗುಂಪಾಯಿತು. ಅಕ್ಕೋರು, ನರ್ಸ್ ಆಗಿದ್ದ ಸಿಸ್ಟರ್, ಪೋಸ್ಟಾಫೀಸ್ ಅಕ್ಕ, ಗಡಿಕೇಶ್ವರದ ಅತ್ತಿ, ಹೀಗೇ ಕರೆಯೋದು. ಹೆಸರು ಗೊತ್ತಿದ್ದರೂ ಬಾಯಿಗೆ ಬರಲ್ಲ.

ಈ ಸಲ ಚಿಂಚೋಳಿ ಕಾಡು, ಎತ್ತಿಪೋತ ಜಲಪಾತ. ಹಿಂದಿನ ದಿನವೇ ಮೊಬೈಲಿಗೆ ಯೆಲ್ಲೋ ಅಲರ್ಟ್ ಬಂದಿತ್ತು. ಮುಂದಕ್ಕೆ ಹಾಕೋಣ ಅಂತ ಗ್ರೂಪಿನಲ್ಲಿ ನಾನೇ ಬರೆದೆ. ಅತ್ತಿ ವಾಯ್ಸ್ ಮೆಸೇಜ್ ಕಳಿಸಿದರು, "ಭೂಮಿನೇ ಅಲ್ಲಾಡಿದಾಗ ಅಂಗಳದಾಗ ಮಲಗೀವಿ. ಮಳಿಗೇನು ಅಂಜೋದು?" 2021ರ ಅಕ್ಟೋಬರ್‌ನಲ್ಲಿ ಗಡಿಕೇಶ್ವರದ ಸುತ್ತ ಮೇಲಿಂದ ಮೇಲೆ ಭೂಮಿ ಕಂಪಿಸಿತ್ತಲ್ಲ, ಒಂದು ಸಲವಂತೂ ರಿಕ್ಟರ್ ಮಾಪಕದಲ್ಲಿ 4.1. ಜನ ಮನೆಯೊಳಗೆ ಮಲಗೋದೇ ಬಿಟ್ಟಿದ್ದರು. ಆಮೇಲಿಂದ ಅತ್ತಿಗೆ ಯಾವುದೂ ದೊಡ್ಡದಲ್ಲ. ಎಲ್ಲದಕ್ಕೂ ಅದೊಂದೇ ಉದಾಹರಣೆ, ಗ್ಯಾಸ್ ಸಿಲಿಂಡರ್ ತಡವಾಗಿ ಬಂದರೂ.

ಅಕ್ಕೋರು "ಹೇಳಿಲ್ಲ" ಅಂದದ್ದು ತಮಾಷೆಗಲ್ಲ. ಅವರು ನಿಜವಾಗಿಯೂ ಹೇಳಿರಲಿಲ್ಲ. ಒಬ್ಬರೇ ಇರೋದು. ಪುಣೆಯಲ್ಲಿರೋ ಮಗಳಿಗೆ ಬಂದ ಮೇಲೆ ಫೋಟೋ ಕಳಿಸ್ತಾರೆ, ಹೋಗೋ ಮುಂಚೆ ಹೇಳಲ್ಲ. ಸಿಸ್ಟರ್ ಸೊಸೆಗೆ ಮಾತ್ರ ಹೇಳಿದ್ದರು, ಮಗನಿಗೆ ಹೇಳಬೇಡ ಅಂತ ಸೇರಿಸಿ. ಪೋಸ್ಟಾಫೀಸ್ ಅಕ್ಕ ಎಲ್ಲರಿಗಿಂತ ಜಾಣೆ. ಮನೆಯಲ್ಲಿ ಗಾಣಗಾಪುರಕ್ಕೆ ಹೋಗ್ತೀನಿ ಅಂದುಬಿಟ್ಟಿದ್ದರು. ಶ್ರಾವಣ ಮಾಸ, ದತ್ತಾತ್ರೇಯನ ದರ್ಶನ, ಯಾರು ಬೇಡ ಅಂತಾರೆ? ದೇವರ ಹೆಸರು ಹೇಳಿದರೆ ಮಳೆ ಬಂದರೂ ನಡೆಯುತ್ತೆ, ಮೊಣಕಾಲು ನೋವಿದ್ದರೂ ನಡೆಯುತ್ತೆ. ಎಂಟು ತಾಸು ಪಾಳಿಯಲ್ಲಿ ನಿಂತರೂ "ಪುಣ್ಯವಂತರು" ಅಂತಾರೆ. ಅದೇ ಹೊತ್ತು ಕಾಡಿನಲ್ಲಿ ನಡೀತೀನಿ ಅಂದರೆ "ಈ ವಯಸ್ಸಿನಾಗ ಬೇಕೇನು?"

ಕ್ರೂಸರ್ ಮಾಡಿಕೊಂಡು ಬೆಳಗ್ಗೆ ಬೇಗ ಹೊರಟೆವು. ಊರು ದಾಟಿದ್ದೇ ಮಳೆ ಶುರು. ರಸ್ತೆ ಎರಡೂ ಕಡೆ ಎರೆ ಹೊಲ, ತೊಗರಿ ಇನ್ನೂ ಮೊಣಕಾಲೆತ್ತರ, ಹೆಸರು ಕೊಯ್ಲಿಗೆ ಬಂದಿತ್ತು. ಪೋಸ್ಟಾಫೀಸ್ ಅಕ್ಕನಿಗೆ ನಾಲ್ಕು ಎಕರೆ ಹೆಸರಿದೆ. ಗಾಜಿಗೆ ಮುಖ ಹಚ್ಚಿ, "ಕಾಯಾಗೇ ಮೊಳಕಿ ಒಡಿತದ ನೋಡು ಇನ್ನ" ಅಂತ ದಾರಿಯುದ್ದಕ್ಕೂ ಗೊಣಗಿದರು. ಅಕ್ಕೋರು ಮಾತ್ರ ಪಾಠ ಬಿಡಲಿಲ್ಲ. ಚಿಂಚೋಳಿ ವನ್ಯಜೀವಿಧಾಮ ಆಗಿದ್ದು 2011ರಲ್ಲಿ, ಸುಮಾರು 135 ಚದರ ಕಿಲೋಮೀಟರ್, ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಅಂತಾರೆ, ತೋಳ, ಕತ್ತೆಕಿರುಬ, ಕೃಷ್ಣಮೃಗ ಇವೆ, ಹಿಂಗೆ. ಒಣಭೂಮಿ ಅನ್ನೋ ಹೊತ್ತಿಗೆ ಕ್ರೂಸರಿನ ಮಾಡು ಸೋರಿ ಅವರ ತೊಡೆ ಮೇಲೇ ನೀರು ತೊಟ್ಟಿಕ್ಕುತ್ತಿತ್ತು.

ಕಲಬುರಗಿ ಅಂದ್ರೆ ಬಿಸಿಲು, ಕರಿ ಮಣ್ಣು ಅಷ್ಟೇ ಅಂದುಕೊಂಡವರು ಒಂದು ಸಲ ಮಳೆಗಾಲದಲ್ಲಿ ಆ ಕಡೆ ಹೋಗಬೇಕು. ಚಿಂಚೋಳಿ ದಾಟಿ ಕುಂಚಾವರಂ ಕಡೆ ಹೊರಳಿದರೆ ಮಣ್ಣಿನ ಬಣ್ಣವೇ ಬದಲಾಗುತ್ತೆ. ಕರಿ ಹೋಗಿ ಕೆಂಪು. ಗುಡ್ಡ, ತೇಗ, ನಡುವೆ ಲಂಬಾಣಿ ತಾಂಡಾಗಳು. ತೆಲಂಗಾಣ ಮಗ್ಗುಲಲ್ಲೇ ಇದೆ, ಮಾತಿನಲ್ಲಿ ತೆಲುಗು ತಾನಾಗೇ ನುಸುಳುತ್ತೆ.

ಗಾಡಿ ಬಿಟ್ಟು ನಡೆಯೋಕೆ ಶುರು ಮಾಡಿದಾಗ ಮಳೆ ಸಣ್ಣಗಿತ್ತು. ಕೆಂಪು ಮಣ್ಣು ಎರೆ ಮಣ್ಣಿನ ಹಾಗೆ ಶೂಗೆ ಮೆತ್ತಿಕೊಳ್ಳಲ್ಲ, ಆದರೆ ಜಾರುತ್ತೆ. ಇಳಿಜಾರಿನಲ್ಲಿ ಎಲ್ಲರೂ ಒಬ್ಬರ ಕೈ ಒಬ್ಬರು ಹಿಡಿದು ಅಡ್ಡಡ್ಡ ಇಳಿದೆವು. ಬೈಕಿನ ಹುಡುಗರು ಸಿಕ್ಕಿದ್ದು ಇಲ್ಲೇ. ಆಮೇಲೆ ಮಳೆ ಜೋರಾಯಿತು. ಜೋರು ಅಂದ್ರೆ ಮುಂದಿದ್ದವರ ಬೆನ್ನು ಕಾಣದಷ್ಟು. ಛತ್ರಿ ಹಿಡಿದಿದ್ದ ನಾನು ಪೂರ್ತಿ ತೊಯ್ದೆ. ಯೂರಿಯಾ ಚೀಲದ ಅತ್ತಿ ಮಾತ್ರ ಒಣಗಿದ್ದರು. ಆನ್‌ಲೈನ್‌ನಲ್ಲಿ ಸಾವಿರಾರು ರೂಪಾಯಿ ಕೊಟ್ಟು ರೇನ್‌ಕೋಟ್ ತರಿಸಿದ್ದ ಪೋಸ್ಟಾಫೀಸ್ ಅಕ್ಕ ಆ ಚೀಲವನ್ನೇ ನೋಡ್ತಿದ್ದರು.

ಹಳ್ಳ ಬಂತು. ಅಗಲ ಏನಿಲ್ಲ, ಹತ್ತು ಹನ್ನೆರಡು ಹೆಜ್ಜೆ. ನೀರು ಮೀನಖಂಡದವರೆಗೆ. ಆಚೆ ಮರಗಳ ಹಿಂದಿನಿಂದ ನೀರು ಧುಮುಕೋ ಸದ್ದು ಚೆನ್ನಾಗಿ ಕೇಳಿಸ್ತಿತ್ತು. ಹುಡುಗರು ಬೈಕು ಈಚೆ ನಿಲ್ಲಿಸಿ ಪ್ಯಾಂಟು ಮಡಚಿಕೊಂಡು ಆಗಲೇ ದಾಟಿದ್ದರು.

ಸಿಸ್ಟರ್ ಕೈ ಅಡ್ಡ ಹಿಡಿದು ನಮ್ಮನ್ನು ನಿಲ್ಲಿಸಿದರು. ಒಂದು ಕಡ್ಡಿ ಮುರಿದು ನೀರಿನ ಅಂಚಿಗೆ ಸರಿಯಾಗಿ ನೆಲಕ್ಕೆ ಚುಚ್ಚಿದರು. ವಾಚ್ ನೋಡಿಕೊಂಡರು. "ಹತ್ತ್ ಮಿನಿಟ್ ಕೂಡ್ರಿ."

ಕೂತೆವು, ಒದ್ದೆ ಬಂಡೆ ಮೇಲೆ, ಮಳೆಯಲ್ಲಿ. ಡಬ್ಬಿ ತೆಗೆದೆವು. ಖಡಕ್ ರೊಟ್ಟಿ ತಣ್ಣನೆ ಗಾಳಿಗೆ ಬಟ್ಟೆಯ ಹಾಗೆ ಮೆತ್ತಗಾಗಿತ್ತು, ಮುರಿದರೆ ಮುರೀತಿರಲಿಲ್ಲ, ಎಳೀತಿತ್ತು. ಶೇಂಗಾ ಹಿಂಡಿಗೆ ಮಳೆ ನೀರು ಬಿದ್ದು ಚಟ್ನಿ ಆಯಿತು. ತಿಂದೆವು. ನಾನು ಕಡ್ಡಿಯಿಂದ ಕಣ್ಣು ತೆಗೀಲಿಲ್ಲ. ಮೊದಲು ಅದರ ಬುಡ ತೊಯ್ದಿತು. ಆಮೇಲೆ ಸುತ್ತ ನೀರು ಬಂತು. ತೇಗದ ಒಣ ಎಲೆ, ಕಡ್ಡಿ ಕಸ, ಬಿಳಿ ನೊರೆ ತೇಲಿ ಬರತೊಡಗಿತು. ನೀರು ಚಹಾದ ಬಣ್ಣದಿಂದ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಹತ್ತು ನಿಮಿಷ ಆಗೋ ಹೊತ್ತಿಗೆ ಕಡ್ಡಿ ಅಂಚಿನಿಂದ ಒಂದು ಗೇಣು ಒಳಗೆ, ಹರಿಯೋ ನೀರಿನಲ್ಲಿ ನಿಂತು ನಡುಗ್ತಿತ್ತು.

"ಮ್ಯಾಲ ಭಾಳ ಬಿದ್ದದ. ನಡೀರಿ ಹಿಂದ."

ಪೋಸ್ಟಾಫೀಸ್ ಅಕ್ಕನಿಗೆ ಸಿಟ್ಟು ಬಂತು. ಇಲ್ಲಿವರೆಗೆ ಬಂದು, ಸದ್ದು ಕೇಳಿ, ನೋಡದೇ ಹೋಗೋದಾ? ಹುಡುಗರು ದಾಟಿಲ್ವಾ? ಸಿಸ್ಟರ್ ವಾದ ಮಾಡಲಿಲ್ಲ, ಡಬ್ಬಿ ಕಟ್ಟಿದರು. ಹುಡುಗರು ಫಾಲ್ಸ್ ನೋಡಿದರು, ರೀಲ್ ಮಾಡಿದರು, ಒಬ್ಬರನ್ನೊಬ್ಬರು ಹಿಡಿದುಕೊಂಡು ಸೊಂಟದಷ್ಟು ನೀರಿನಲ್ಲಿ ಹೇಗೋ ವಾಪಸ್ಸೂ ಬಂದರು. ಏನೂ ಆಗಲಿಲ್ಲ. ದಾರಿಯಲ್ಲಿ ನಮ್ಮನ್ನು ದಾಟಿ ಹೋಗುವಾಗ ಕೈ ಬೀಸಿದರು. "ನೋಡ್ರಿ, ಏನಾಯ್ತು ಅವರಿಗೆ?" ಅಂದರು ಅಕ್ಕ. "ಆಗಲಿಲ್ಲ ಅಂದ್ರ ಛಲೋ ಆಯ್ತಲ್ಲ" ಅಂದರು ಸಿಸ್ಟರ್.

ತಾಂಡಾದ ಒಂದು ಮನೆಯ ಜಗಲಿಯಲ್ಲಿ ನಿಂತಾಗ ಕೇಳಿದೆ, ಕಡ್ಡಿ ವಿದ್ಯೆ ಎಲ್ಲಿ ಕಲಿತಿರಿ ಅಂತ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಿಸ್ಟರ್ ಇದೇ ಸೀಮೆಯ ಉಪಕೇಂದ್ರದಲ್ಲಿದ್ದರು. ತಾಂಡಾಗಳಿಗೆ ನಡೆದೇ ಹೋಗಬೇಕಿತ್ತು. ಒಂದು ರಾತ್ರಿ ಹೆರಿಗೆಗೆ ಕರೀಲಿಕ್ಕೆ ಬಂದರು, ಕಂದೀಲು ಹಿಡಿದ ಒಬ್ಬ ಹುಡುಗ, ನಡುವೆ ಹಳ್ಳ. ಕಡ್ಡಿ ಚುಚ್ಚಿ ನೋಡೋಣ ಅಂದಿದ್ದು ಆ ಹುಡುಗನೇ.

"ನೋಡಿದ್ರೇನ್ರಿ?"

"ನೋಡಿದ್ನಿ. ಏರ್ಲತ್ತಿತ್ತು."

"ಮತ್ತ?"

"ಮತ್ತೇನು, ಬ್ಯಾಗ್ ತಲಿ ಮ್ಯಾಲ ಇಟ್ಕೊಂಡು ಹೋದ್ನಿ. ಡ್ಯೂಟಿ ಇತ್ತಲ್ಲ."

"ನಿಮ್ಮ ಮನ್ಯಾಗ ಏನೂ ಅನ್ಲಿಲ್ಲೇನ್ರಿ?"

"ಏನಂತಾರ? ಪಗಾರ ಬರ್ತಿತ್ತು."

ಬೈಕಿನ ಹುಡುಗನ ಪ್ರಶ್ನೆ ಆಗ ಮತ್ತೆ ನೆನಪಾಯಿತು. ಇಪ್ಪತ್ತೈದರ ಸಿಸ್ಟರ್ ಕತ್ತಲಲ್ಲಿ ಏರೋ ಹಳ್ಳಕ್ಕೆ ಇಳಿದಾಗ ಯಾರೂ ಅದನ್ನು ಕೇಳಲಿಲ್ಲ. ಅಕ್ಕೋರು ಬಸ್ಸಿಲ್ಲದ ಹಳ್ಳಿ ಶಾಲೆಗೆ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಎರೆ ಕೆಸರಿನಲ್ಲಿ ನಡೆದಾಗಲೂ ಕೇಳಲಿಲ್ಲ. ಜಗಲಿ ಕೊಟ್ಟ ತಾಂಡಾದ ಯಾಡಿಗೆ (ಲಂಬಾಣಿ ಮಾತಿನಲ್ಲಿ ಯಾಡಿ ಅಂದ್ರೆ ಅವ್ವ) ಅತ್ತಿಯಷ್ಟೇ ವಯಸ್ಸು. ಆಡು ಹೊಡೆದುಕೊಂಡು ದಿನಾ ಅದೇ ಗುಡ್ಡ ಹತ್ತಿ ಇಳೀತಾರೆ, ಮಳೆಯಿರಲಿ ಬಿಸಿಲಿರಲಿ. ಅವರನ್ನೂ ಯಾರೂ ಕೇಳಲ್ಲ. ದುಡಿಯೋದಕ್ಕೆ ಹೋದರೆ ಮೊಣಕಾಲು ಗಟ್ಟಿ ಇರುತ್ತೆ, ಖುಷಿಗೆ ಹೋದರೆ ಮಾತ್ರ ಮೂಳೆ ಸವೆದಿರುತ್ತೆ ಅಂತ ಕಾಣುತ್ತೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಅಜ್ಜಿ ಹೊಲಕ್ಕೆ ಹೋಗೋವಾಗ ಅವನು ಹೀಗೆ ಕೇಳಿರ್ತಾನಾ ಅನ್ನೋದಷ್ಟೇ ನನ್ನ ಅನುಮಾನ.

ಮಕ್ಕಳ ಮಾತಲ್ಲಿ ಅರ್ಥ ಇಲ್ಲ ಅಂತಲ್ಲ. ಅಲ್ಲಿ ನೆಟ್‌ವರ್ಕ್ ಇಲ್ಲ. ಬಿದ್ದು ಸೊಂಟ ಮುರಿದರೆ ಹೊತ್ತುಕೊಂಡು ಬರಬೇಕು, ಕಲಬುರಗಿ ಅಲ್ಲಿಂದ 80 ಕಿಲೋಮೀಟರ್‌ಗೂ ಜಾಸ್ತಿ. ಆದರೆ ಪೋಸ್ಟಾಫೀಸ್ ಅಕ್ಕನ ಬೆಂಗಳೂರಿನ ಮಗ ಹೋದ ಸಲ ಅಂದದ್ದು "ನಿನಗೆ ನೋವಾಗುತ್ತೆ" ಅಂತಲ್ಲ. "ಬಿದ್ದರೆ ನೋಡ್ಕೊಳ್ಳೋರು ಯಾರು?" ಅಂತ. ಎರಡೂ ಒಂದೇ ಅಲ್ಲ. 2024ರಿಂದ ಬೆಂಗಳೂರಿಗೂ ಕಲಬುರಗಿಗೂ ವಂದೇ ಭಾರತ್ ಓಡ್ತಾ ಇದೆ, ಇವನು ಬರೋದು ಮಾತ್ರ ದೀಪಾವಳಿಗೇ. ಇದು ನನಗೆ ಸಂಬಂಧವಿಲ್ಲದ ವಿಷಯ, ಗೊತ್ತು. ಆದ್ರೂ ಹೇಳ್ತೀನಿ.

ಚಿಂಚೋಳಿ ಹತ್ತಿರ ನೆಟ್‌ವರ್ಕ್ ಬಂದದ್ದೇ ಕ್ರೂಸರಿನೊಳಗೆ ಎಲ್ಲರ ಫೋನು ಒಟ್ಟಿಗೇ ಕೂಗಿದವು. ಅಕ್ಕನ ಮಗನದೇ ಐದಾರು ಮಿಸ್ಡ್ ಕಾಲ್. ಅಕ್ಕ ಗಂಟಲು ಸರಿಮಾಡಿಕೊಂಡು ಫೋನ್ ಹಚ್ಚಿದರು. "ಗಾಣಗಾಪುರದಾಗ ಭಾಳ ರಶ್ ಅದಪ್ಪ. ಶ್ರಾವಣ ಅಲ್ಲೇನು? ಹೂಂ, ದರ್ಶನ ಆಯ್ತು. ಹೂಂ, ಛಲೋ ಆಯ್ತು." ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ಅಷ್ಟರಲ್ಲಿ ಡ್ರೈವರ್ ಹೊರಗೆ ಯಾರನ್ನೋ "ಚಿಂಚೋಳಿ ಬಸ್‌ಸ್ಟ್ಯಾಂಡ್ ಯಾವ ಕಡಿ?" ಅಂತ ಕೂಗಿ ಕೇಳಿದ. ಅಕ್ಕ ಫೋನಿಗೆ ಅಂಗೈ ಮುಚ್ಚಿ ಅವನನ್ನು ನೋಡಿದ ನೋಟಕ್ಕೆ ಅವನು ಗಾಜು ಏರಿಸಿಬಿಟ್ಟ.

ಮನೆಯಲ್ಲಿ ಪ್ರಸಾದ ಕೇಳಿದರೆ ಏನ್ ಮಾಡ್ತೀರಿ ಅಂದೆ. ಅಕ್ಕ ಪರ್ಸಿನಿಂದ ಸಣ್ಣ ಪೊಟ್ಟಣ ತೆಗೆದು ತೋರಿಸಿದರು. ಗಾಣಗಾಪುರ ಸಂಗಮದ ಹತ್ತಿರದ ಭಸ್ಮದ ಗುಡ್ಡದ್ದು. ಹೋದ ವರ್ಷ ನಿಜವಾಗಿ ಹೋದಾಗ ಒಂದು ಡಬ್ಬಿ ತುಂಬಿಕೊಂಡು ಬಂದಿದ್ದರಂತೆ. "ಕೆಡಂಗಿಲ್ಲ ನೋಡು. ಇನ್ನೂ ನಾಕ್ ವರ್ಷಕ್ಕ ಆಗ್ತದ."

ಈಗ ಮುಂದಿನ ತಿಂಗಳು ಯಾದಗಿರಿ ಕೋಟೆ ಹತ್ತೋದು ಅಂತ ಮಾತಾಗಿದೆ. ಮಳೆ ಇದ್ದರೂ ಸರಿ. ಮೈಲಾಪುರ ಮಲ್ಲಯ್ಯನ ಗುಡಿ ಅಲ್ಲೇ ಹತ್ತಿರ, ಅದನ್ನೇ ಹೇಳಿದರಾಯಿತು ಅನ್ನೋದು ಅಕ್ಕನ ವಾದ. ಬೇಡ, ಕೋಟೆಗೆ ಹೋಗ್ತೀವಿ ಅಂತಲೇ ಹೇಳಿ ಹೋಗಬೇಕು ಅಂತ ಅಕ್ಕೋರು ಗ್ರೂಪಿನಲ್ಲಿ ಉದ್ದದ ಮೆಸೇಜ್ ಹಾಕಿದ್ದಾರೆ. ಅತ್ತಿ ಎರಡಕ್ಕೂ ಹೆಬ್ಬೆರಳು ಒತ್ತಿದ್ದಾರೆ. ಸಿಸ್ಟರ್ ಇನ್ನೂ ನೋಡಿಲ್ಲ, ಕೇಳಿದರೆ ಮೊಮ್ಮಗ ಮೊಬೈಲ್ ತಗೊಂಡು ಹೋಗಿದ್ದಾನಂತೆ.