ಇಷ್ಟೊಂದು ಚಿಲ್ಲರೆ ಕೂಡಿಟ್ಟು ಏನ್ಮಾಡ್ತೀರಾ?

ನಮ್ಮ ಮನೆಗೆ ಬಂದವರು ಫ್ರಿಜ್ ಮೇಲಿರುವ ಹಾರ್ಲಿಕ್ಸ್ ಬಾಟಲಿ ನೋಡಿದ ತಕ್ಷಣ ಇದನ್ನೇ ಕೇಳುತ್ತಾರೆ. ಫೋನ್‌ಪೇ ಕಾಲದಲ್ಲಿ ನಿಮಗೆ ಚಿಲ್ಲರೆ ಸಿಗೋದಾದ್ರೂ ಎಲ್ಲಿಂದ ಅನ್ನುವವರೂ ಇದ್ದಾರೆ. ನನ್ನ ತಂಗಿಯಂತೂ ಪ್ರತಿ ಸಲ ಬಾಟಲಿ ಎತ್ತಿ ಅಲ್ಲಾಡಿಸಿ, "ಅಕ್ಕಾ, ಈಗ ಎಷ್ಟಿರಬಹುದು?" ಅಂತ ಕೇಳದೆ ಕಾಫಿ ಲೋಟ ಮುಟ್ಟುವುದಿಲ್ಲ. ಎಲ್ಲರಿಗೂ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ, ಇಲ್ಲಿ ಪೂರ್ತಿ ಬರೆದುಬಿಡುತ್ತೇನೆ.

ಮೊದಲು, ಚಿಲ್ಲರೆ ಎಲ್ಲಿಂದ ಬರುತ್ತೆ. ಹಿಂದೆಲ್ಲ ಬಸ್ಸಿನಿಂದ ಬರುತ್ತಿತ್ತು. ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟ ಕಂಡಕ್ಟರ್ ಹತ್ತಿರ ಇಳಿಯುವಾಗ ನೆನಪು ಮಾಡಿ ಕೇಳಿ ತಗೊಂಡ ಒಂದು, ಎರಡು ರೂಪಾಯಿಗಳು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು, ಹೆಂಗಸರಿಗೆ ಟಿಕೆಟ್ ಫ್ರೀ ಆಯಿತು, ಆ ದಾರಿ ನಿಂತೇ ಹೋಯಿತು. ಬೇಜಾರೇನಿಲ್ಲ, ಉಳಿದಿದ್ದು ಅದಕ್ಕಿಂತ ಜಾಸ್ತಿ. ಈಗ ಬರುವುದು ಹೂವಿನವರಿಂದ, ಸೊಪ್ಪಿನವರಿಂದ, ದೇವರಾಜ ಮಾರುಕಟ್ಟೆಗೆ ಹೋದ ದಿನ ಬ್ಯಾಗಿನ ತಳದಿಂದ. ಅದಕ್ಕಿಂತ ಹೆಚ್ಚಾಗಿ ನಮ್ಮ ಮನೆಯವರ ಪ್ಯಾಂಟ್ ಜೇಬಿನಿಂದ. ವಾಷಿಂಗ್ ಮೆಷಿನ್ನಿಗೆ ಬಟ್ಟೆ ಹಾಕುವವರಿಗೇ ಜೇಬಿನಲ್ಲಿ ಸಿಕ್ಕಿದ್ದು ಸೇರಬೇಕು, ಇದು ನಮ್ಮನೆ ಕಾನೂನು.

ಬಾಟಲಿಯನ್ನು ವರ್ಷಕ್ಕೊಂದು ಸಲ ಖಾಲಿ ಮಾಡಲೇಬೇಕು ಅಂತ ನಾನು ಹಟ ಹಿಡಿಯುವುದಕ್ಕೆ ನಮ್ಮಜ್ಜಿ ಕಾರಣ. ಅಜ್ಜಿ ಎರಡು ಕಡೆ ದುಡ್ಡಿಡುತ್ತಿದ್ದಳು. ಹಳದಿ ಬಟ್ಟೆಯಲ್ಲಿ ಕಟ್ಟಿದ್ದು ತಿರುಪತಿ ಮುಡಿಪು, ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಇನ್ನೊಂದು ಸಾಸಿವೆ ಡಬ್ಬಿ, ಅದು ಅವಳ ಸ್ವಂತದ್ದು. ಅವಳು ತೀರಿಕೊಂಡ ಮೇಲೆ, 2013ರಲ್ಲಿ, ಟ್ರಂಕ್ ತೆಗೆದರೆ ಸೀರೆಗಳ ಕೆಳಗೆ ಒಂದು ಡಾಲ್ಡಾ ಡಬ್ಬಿ. ತುಂಬಾ ನಾಲ್ಕಾಣೆ! ಘೇಂಡಾಮೃಗದ ಚಿತ್ರ ಇರುತ್ತಿತ್ತಲ್ಲ, ಆ ಸ್ಟೀಲ್ ನಾಣ್ಯಗಳು, ಮುನ್ನೂರಕ್ಕೂ ಜಾಸ್ತಿ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ರಿಂದ ರದ್ದಾಗಿತ್ತು. ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳಲು ಅದರ ಹಿಂದಿನ ದಿನವೇ ಕೊನೆ. ನಮಗೆ ಡಬ್ಬಿ ಸಿಕ್ಕಿದ್ದು ಎರಡು ವರ್ಷ ತಡವಾಗಿ. ಲೆಕ್ಕ ಹಾಕಿದರೆ ಎಂಬತ್ತು ರೂಪಾಯಿ ಚಿಲ್ಲರೆ, ದೊಡ್ಡ ನಷ್ಟವೇನಲ್ಲ. ಆದರೆ ಅವಳು ಅದನ್ನು ಕೂಡಿಡುವಾಗ ಎಂಬತ್ತು ರೂಪಾಯಿಗೆ ಒಂದು ಸೀರೆ ಬರುತ್ತಿತ್ತು. ಅವಳು ಯಾವುದಕ್ಕೆ ಅಂತ ಇಟ್ಟಿದ್ದಳೋ ಯಾರಿಗೂ ಹೇಳಿರಲಿಲ್ಲ. ನನಗೆ ಕಾಡುವುದು ಅದು.

ಹಾಗಾಗಿ ಯುಗಾದಿಗೆ ಹಿಂದಿನ ಭಾನುವಾರ ನಮ್ಮನೆಯಲ್ಲಿ ಎಣಿಕೆ. ಹಾಲ್‌ನಲ್ಲಿ ಪೇಪರ್ ಹಾಸಿ ಸುರಿಯುವುದು. ಕಳೆದ ಸಲ ಹಾರ್ಲಿಕ್ಸ್ ಬಾಟಲಿ ತುಂಬಿ, ಉಪ್ಪಿನಕಾಯಿ ಜಾಡಿಯೂ ಅರ್ಧ ಆಗಿತ್ತು. ಎಣಿಸುವುದು ಕಾಣುವಷ್ಟು ಸುಲಭವಲ್ಲ. ಹಳೇ ಸ್ಟೀಲಿನ ಒಂದು ರೂಪಾಯಿ ಮತ್ತು 2011ರ ನಂತರದ ಎರಡು ರೂಪಾಯಿ ಒಂದೇ ಅಳತೆ, ಒಂದೇ ತೂಕ. ಹತ್ತರ ಗೋಪುರ ಕಟ್ಟಿ ಪಕ್ಕದಲ್ಲಿ ಇನ್ನೊಂದು ಕಟ್ಟಿದರೆ ಎತ್ತರ ಸರಿ ಇರುತ್ತೆ, ಲೆಕ್ಕ ತಪ್ಪಿರುತ್ತೆ. ಒಂದೊಂದರ ಮುಖ ನೋಡಲೇಬೇಕು. ಹೆಬ್ಬೆರಳು ಎತ್ತಿರುವ ಕೈ ಇದ್ದರೆ ಒಂದು, ಎರಡು ಬೆರಳಿದ್ದರೆ ಎರಡು. ಮಗನಿಗೆ ಇಸವಿಯ ಕೆಳಗೆ ಗುರುತು ಹುಡುಕುವ ಹುಚ್ಚು. ನಕ್ಷತ್ರ ಇದ್ದರೆ ಹೈದರಾಬಾದ್, ಡೈಮಂಡ್ ಇದ್ದರೆ ಮುಂಬೈ, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ ಟಂಕಸಾಲೆ. ಅವನು ಕೂತರೆ ಅರ್ಧ ಗಂಟೆಯ ಕೆಲಸ ಎರಡು ಗಂಟೆ ಆಗುತ್ತೆ. ಮುಗಿಯುವ ಹೊತ್ತಿಗೆ ಬೆರಳೆಲ್ಲ ಕಪ್ಪು, ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಕಬ್ಬಿಣದ ವಾಸನೆ.

ಸಿಕ್ಕಿದ್ದು ಇಷ್ಟು: ಇಪ್ಪತ್ತರದು 2, ಹತ್ತರದು 112, ಐದರದು 318, ಎರಡರದು 403, ಒಂದರದು 861, ಎಂಟಾಣೆ 18. ಒಟ್ಟು 4,426 ರೂಪಾಯಿ. ತೂಕ ಎಂಟು ಕೆಜಿ ಮೇಲೆ.

ಈಗ ಅಸಲಿ ತಲೆನೋವು, ಇದನ್ನು ಹೊರಗೆ ಹಾಕುವುದು ಹೇಗೆ? ಮೊದಲನೇ ವರ್ಷ ನಾನು ಬುದ್ಧಿವಂತಿಕೆ ಮಾಡಿ ಬ್ಯಾಂಕಿಗೆ ಹೊತ್ತುಕೊಂಡು ಹೋದೆ. ಕ್ಯಾಷಿಯರ್ ಚೀಲ ನೋಡಿದರು, ನನ್ನ ಮುಖ ನೋಡಿದರು, "ನಾಳೆ ಬನ್ನಿ ಮೇಡಂ" ಅಂದರು. ನಾಳೆ ಹೋದರೆ ಮತ್ತೆ ನಾಳೆ. ನಿಜ ಹೇಳಬೇಕೆಂದರೆ ಬ್ಯಾಂಕಿನವರು ಬೇಡ ಅನ್ನುವ ಹಾಗಿಲ್ಲ. ನಾಣ್ಯ ತಗೊಳ್ಳಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ, ಖಾತೆಗೆ ಎಷ್ಟು ನಾಣ್ಯ ಕಟ್ಟಬಹುದು ಅನ್ನುವುದಕ್ಕೆ ಮಿತಿಯೂ ಇಲ್ಲ. ನೂರು ನೂರು ಎಣಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋದರೆ ಅವರಿಗೂ ಸಲೀಸು. ನಾನು ಮೂರನೇ ಸಲ ಹಾಗೇ ಮಾಡಿದೆ, ತಗೊಂಡರು. ಆದರೆ ಅಂಗಡಿಯ ಕಥೆ ಬೇರೆ. ನಾಣ್ಯ ಕಾಯ್ದೆ ಪ್ರಕಾರ ಒಂದು ವ್ಯವಹಾರಕ್ಕೆ ಸಾವಿರ ರೂಪಾಯಿಗಿಂತ ಜಾಸ್ತಿ ನಾಣ್ಯದಲ್ಲಿ ಕೊಟ್ಟರೆ ಅಂಗಡಿಯವರು ಬೇಡ ಅನ್ನಬಹುದು. ಎಂಟಾಣೆಯಾದರೆ ಹತ್ತು ರೂಪಾಯಿವರೆಗೆ ಮಾತ್ರ. ನಮ್ಮ ಹದಿನೆಂಟು ಎಂಟಾಣೆ ಸೇರಿ ಒಂಬತ್ತು ರೂಪಾಯಿ, ಕಾನೂನಿನ ಒಳಗೇ ಇದ್ದೇವೆ. ತಗೊಳ್ಳುವವರು ಸಿಗಬೇಕಷ್ಟೆ.

ಬ್ಯಾಂಕಿನ ಗೇಟಿನಿಂದ ಹೊರಗೆ ಬರುವಾಗ ನಮ್ಮ ತಾತನ ಅಂಗಡಿಗೆ ಸಂಜೆ ಬರುತ್ತಿದ್ದ ಪಿಗ್ಮಿ ಕಲೆಕ್ಟರ್ ನೆನಪಾದರು. ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟ್ ಬಾಗಿಲಿಗೇ ಬರುತ್ತಿದ್ದರು. ಚಿಲ್ಲರೆ ತಾನಾಗಿ ಬ್ಯಾಂಕಿಗೆ ನಡೆದುಕೊಂಡು ಹೋಗಲ್ಲ ಅನ್ನುವುದು ಅವರಿಗೆ ಗೊತ್ತಿತ್ತು, ಎಂಟು ಕೆಜಿ ಹೊತ್ತ ನನ್ನ ಭುಜಕ್ಕೆ ಆವತ್ತು ಗೊತ್ತಾಯಿತು.

ಈಗ ನಾನು ಮಾಡುವುದು ಸುಲಭ. ಬೀದಿ ಕೊನೆಯ ದಿನಸಿ ಅಂಗಡಿಯಣ್ಣನಿಗೆ ಕೊಟ್ಟು ನೋಟು ತಗೊಳ್ಳುತ್ತೇನೆ. "ಅಕ್ಕಾ, ಒಂದು ರೂಪಾಯಿದು ಎಷ್ಟಿದ್ರೂ ತನ್ನಿ, ಹತ್ತರದು ಮಾತ್ರ ಬೇಡ, ನನ್ನ ಹತ್ರ ಯಾರೂ ಇಸ್ಕೊಳಲ್ಲ" ಅಂತಾನೆ. ಹತ್ತರ ನಾಣ್ಯದ 14 ವಿನ್ಯಾಸವೂ ನಡೆಯುತ್ತೆ, ರೂಪಾಯಿ ಚಿಹ್ನೆ ಇದ್ದರೂ ಇಲ್ಲದಿದ್ದರೂ, ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಅವನಿಗೂ ಗೊತ್ತು. ಅವನ ಗಿರಾಕಿಗಳು ಕೇಳಬೇಕಲ್ಲ! ಹಾಗಾಗಿ ಹತ್ತರದೆಲ್ಲ ಬ್ಯಾಂಕಿಗೆ, ಉಳಿದಿದ್ದು ಅವನಿಗೆ. ಒಂದು ರೂಪಾಯಿದು ಐವತ್ತು ಮಾತ್ರ ತೆಗೆದಿಟ್ಟುಕೊಳ್ಳುತ್ತೇನೆ, ಮುಯ್ಯಿ ಕವರಿಗೂ ತಾಂಬೂಲಕ್ಕೂ ಬೇಕೇಬೇಕು. ಮದುವೆ ಮನೆ ಬಾಗಿಲಲ್ಲಿ ನಿಂತು 500ರ ಮೇಲೆ ಇಡಲು ಒಂದು ರೂಪಾಯಿ ಹುಡುಕಿದವರಿಗೇ ಅದರ ಬೆಲೆ ಗೊತ್ತು.

ಸರಿ, ಏನು ಮಾಡ್ತೀನಿ? ನನ್ನ ಉತ್ತರ: ಸಂಬಳದ ದುಡ್ಡಿನಲ್ಲಿ ನಮ್ಮನೆಯಲ್ಲಿ ಯಾರೂ ಯಾವತ್ತೂ ಮಾಡದ ಖರ್ಚು ಮಾಡುತ್ತೇನೆ. ಮೊದಲ ವರ್ಷ ಬ್ಯಾಂಕಿಗೆ ಕಟ್ಟಿದ್ದು ಮುಂದಿನ ವಾರ ಕರೆಂಟ್ ಬಿಲ್ಲಿನ ಜೊತೆ ಸೇರಿ ಹೋಯಿತು, ಇತ್ತು ಅಂತಲೂ ಗೊತ್ತಾಗಲಿಲ್ಲ. ಖಾತೆಗೆ ಬಿದ್ದ ಚಿಲ್ಲರೆ ಹೊಳೆಗೆ ಬಿದ್ದ ಹುಣಸೆಹಣ್ಣು. ನಮ್ಮ ಮನೆಯವರು ಆರ್‌ಡಿ ಮಾಡು ಅಂತಾರೆ. ಆರ್‌ಡಿ ಒಳ್ಳೆಯದೇ, ಬೇರೆ ದುಡ್ಡಿನಲ್ಲಿ ಮಾಡ್ತಾನೂ ಇದ್ದೇವೆ. ಆದರೆ ಈ ನಾಲ್ಕು ಸಾವಿರಕ್ಕೆ ವರ್ಷಕ್ಕೆ ಬಡ್ಡಿ ಎಷ್ಟು ಬಂದೀತು ಹೇಳಿ? ಇನ್ನು ಕೆಲವರು ಮೊದಲೇ "ಇದು ಫ್ರಿಜ್‌ಗೆ", "ಇದು ಗೋವಾಗೆ" ಅಂತ ಡಬ್ಬಿಗೆ ಚೀಟಿ ಅಂಟಿಸುತ್ತಾರೆ. ನನಗೆ ಅದು ಆಗಲ್ಲ. ಚೀಟಿ ಅಂಟಿಸಿದ ದಿನದಿಂದ ಅದು ಇನ್ನೊಂದು ಕಂತು. ಬೇಕೆಂದಾಗ ಐದು ರೂಪಾಯಿ ತೆಗೆದರೂ ಕದ್ದ ಹಾಗೆ ಅನಿಸುತ್ತೆ.

ಕಳೆದ ಸಲ ಎಣಿಸುವಾಗ ಪೇಪರ್ ಮೇಲೇ ಜಗಳ. ಮಗನಿಗೆ ಬ್ಯಾಟ್ ಬೇಕು. ನಮ್ಮತ್ತೆ ನಂಜನಗೂಡಿನ ಹುಂಡಿಗೆ ಹಾಕಿ ಅಂದರು. ನಾನು ಮಧ್ಯದಲ್ಲಿ, "ಅತ್ತೆ, ನಿಮ್ಮ ಹೊಲಿಗೆ ಮೆಷಿನ್ ರಿಪೇರಿ ಮಾಡಿಸೋಣ್ವಾ?" ಅಂದೆ. ಅವರು ಮದುವೆಯಾಗಿ ಬಂದಾಗ ತಂದಿದ್ದ ಕಾಲಿನ ಮೆಷಿನ್, ಏಳೆಂಟು ವರ್ಷದಿಂದ ಇಸ್ತ್ರಿ ಬಟ್ಟೆ ಇಡುವ ಟೇಬಲ್ ಆಗಿತ್ತು. "ಸುಮ್ನಿರಮ್ಮ, ಅದಕ್ಯಾಕೆ ದುಡ್ಡು ಹಾಕ್ತೀಯಾ" ಅಂದರು. ಆದರೆ ಎರಡು ನಿಮಿಷ ಬಿಟ್ಟು, ಬೆಲ್ಟ್ ಒಂದೇ ಹೋಗಿರೋದು, ಬಾಬಿನ್ ಕೇಸ್ ಸರಿ ಇದೆ, ಅಂತ ಅವರಾಗಿಯೇ ಹೇಳಿದರು. ಅಲ್ಲಿಗೆ ತೀರ್ಮಾನ ಆಯಿತು.

ರಿಪೇರಿಗೆ 1,850 ಆಯಿತು, ಬೆಲ್ಟ್ ಜೊತೆ ಇನ್ನೂ ಎರಡು ಮೂರು ಹೋಗಿದ್ದವು. 101 ನಂಜನಗೂಡಿಗೆ. ಉಳಿದಿದ್ದರಲ್ಲಿ ಸೀಸನ್ ಬಂದಾಗ ರಸಪುರಿ ಮಾವಿನಹಣ್ಣು ಬುಟ್ಟಿಗಟ್ಟಲೆ ತರೋಣ ಅಂತ ಕವರಿನಲ್ಲಿಟ್ಟೆ. ತಪ್ಪು ಮಾಡಿದೆ. ಮೇ ಬರುವ ಹೊತ್ತಿಗೆ ಅದರಿಂದ ಸಿಲಿಂಡರ್ ಬಂದಿತ್ತು, ಹಣ್ಣು ಬಂದಿದ್ದು ಮೂರೇ ಕೆಜಿ. ಬಾಟಲಿಯಿಂದ ತೆಗೆದಿದ್ದನ್ನು ಒಂದು ತಿಂಗಳೊಳಗೆ ಮುಗಿಸಬೇಕು, ಇದೂ ಈಗ ಮನೆ ಕಾನೂನಿಗೆ ಸೇರಿದೆ.

ಮಗನ ಬ್ಯಾಟ್ ಬಾಕಿ ಇದೆ. ಅವನು ಈಗ ಪ್ಯಾಂಟ್ ಜೇಬು ನೋಡಿ ಬಟ್ಟೆಯನ್ನು ನಾನೇ ಮೆಷಿನ್ನಿಗೆ ಹಾಕುತ್ತೇನೆ ಅನ್ನುತ್ತಿದ್ದಾನೆ, ನಾನು ಒಪ್ಪಿಲ್ಲ. ಬಾಟಲಿಯಲ್ಲಿ ನಿನ್ನೆ ಸಂಜೆಗೆ 63 ರೂಪಾಯಿ ಇತ್ತು, ಹೂವಿಗೆ ಇಪ್ಪತ್ತು ತೆಗೆದೆ.