ಮಲ್ಲಿಕಾರ್ಜುನ ಅಂದರೆ 36 ಬೈಟ್

ನವೆಂಬರ್ ಬಂತೆಂದರೆ ಗಂಗಾವತಿ ಕಡೆಯ ನಮ್ಮ ಕಾಟಾದ ಮುಂದೆ ಭತ್ತದ ಟ್ರ್ಯಾಕ್ಟರ್ ಸಾಲು ರಾತ್ರಿ ಹನ್ನೊಂದಾದರೂ ಕರಗುವುದಿಲ್ಲ. ಎಡದಂಡೆ ಕಾಲುವೆಯ ಬೆಳೆ ಎಲ್ಲ ಒಮ್ಮೆಗೇ ಕೊಯ್ಲಿಗೆ ಬಂದಿರುತ್ತದೆ. ತೂಕದ ಚೀಟಿ ಹರಿದು ಕೊಡುವುದು ನನ್ನ ಕೆಲಸ. ಹೋದ ವರ್ಷ ಹಿರಿಯರೊಬ್ಬರು ಚೀಟಿ ಹಿಡಿದು ವಾಪಸ್ ಬಂದರು.

"ತಮ್ಮಾ, ನನ್ನ ಹೆಸರು ಅರ್ಧಕ್ಕ ಯಾಕ ನಿಂತೈತಿ?"

ಮಲ್ಲಿಕಾರ್ಜುನ ಎಂದು ಪೂರ್ತಿ ಟೈಪ್ ಮಾಡಿದ್ದೆ. ಚೀಟಿಯಲ್ಲಿ ‘ಮಲ್ಲಿಕಾರ್ಜ’ ಇತ್ತು, ಪಕ್ಕದಲ್ಲಿ ಪ್ರಶ್ನೆ ಗುರುತಿನ ಕಪ್ಪು ಚೌಕ. ದಲಾಲಿ ಅಂಗಡಿಯಲ್ಲಿ ದುಡ್ಡು ಎಣಿಸುವುದು ಇದೇ ಚೀಟಿ ನೋಡಿ. ಪೆನ್ನಿನಿಂದ ತಿದ್ದಿ ಕೊಟ್ಟೆ, ಆದರೆ ಮನಸ್ಸಿಗೆ ಸಮಾಧಾನ ಆಗಲಿಲ್ಲ.

ಚೀಟಿ ಮುದ್ರಿಸುವ ಲೈಬ್ರರಿ, ಅಂದರೆ ಆ ಕೆಲಸದ ಸಿದ್ಧ ಕೋಡ್, ಓಪನ್ ಸೋರ್ಸ್: ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಿ ಕಳಿಸಬಹುದು. ಅದರ ಸಿ ಕೋಡ್ ತೆರೆದು ನೋಡಿದೆ. ಹೆಸರಿಗೆ 32 ಬೈಟ್ ಜಾಗ, ಕೊನೆಯ ಒಂದು ಬೈಟ್ ಅಂತ್ಯದ ಗುರುತಿಗೆ ಹೋದರೆ ಉಳಿಯುವುದು 31. ಕಂಪ್ಯೂಟರ್ ಅಕ್ಷರಗಳನ್ನು ಬೈಟ್ ಮಾಡಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೇಕು. ಮಲ್ಲಿಕಾರ್ಜುನದಲ್ಲಿ ಒತ್ತು, ಕಾಗುಣಿತ ಎಲ್ಲ ಸೇರಿ 12 ಸಂಕೇತ, ಅಂದರೆ 36 ಬೈಟ್. ‘ಜ’ವರೆಗೆ 30 ಮುಗಿದು, ಉಕಾರದ ಮೂರು ಬೈಟ್‌ನಲ್ಲಿ ಒಂದು ಮಾತ್ರ ಒಳಗೆ ಉಳಿದಿತ್ತು. ಅದೇ ಆ ಕಪ್ಪು ಚೌಕ.

ಮೊದಲ ಪ್ಯಾಚ್, ಅಂದರೆ ಪ್ರಾಜೆಕ್ಟ್ ನೋಡಿಕೊಳ್ಳುವವರಿಗೆ ಕಳಿಸುವ ಕೋಡ್ ತಿದ್ದುಪಡಿ, ಏಳು ಸಾಲು. ಅಕ್ಷರದ ಮುಂದುವರಿಕೆಯ ಬೈಟ್‌ಗಳೆಲ್ಲ 10 ಎಂಬ ಎರಡು ಬಿಟ್‌ನಿಂದ ಶುರುವಾಗುತ್ತವೆ. ಅಂಥದ್ದು ಸಿಕ್ಕರೆ ಹಿಂದೆ ಸರಿದು ಕತ್ತರಿಸು, ಅಷ್ಟೇ. ಸಾಮಾನ್ಯ ಮೇಲ್‌ನಲ್ಲಿ ಅಂಟಿಸಿ ಕಳಿಸಿದ್ದರಿಂದ ಟ್ಯಾಬ್‌ಗಳು ಸ್ಪೇಸ್ ಆಗಿ ಪ್ಯಾಚ್ ಕೂಡಲಿಲ್ಲ. ಆಮೇಲೆ ಪ್ಯಾಚ್ ಕೆಡದಂತೆ ಮೇಲ್ ಮಾಡುವ ಗಿಟ್ ಸೆಂಡ್-ಇಮೇಲ್ ಆಜ್ಞೆ ಕಲಿತೆ. ಕೊನೆಗೆ ‘ಸೈನ್ಡ್-ಆಫ್-ಬೈ’ ಸಾಲು ಬೇಕು. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂಬ ಮಾತು ಅದು, ಲಿನಕ್ಸ್ ಕರ್ನಲ್‌ನವರು 2004ರಲ್ಲಿ ತಂದ ಪದ್ಧತಿ. ಅಲ್ಲಿ ನನ್ನ ಹೆಸರನ್ನು ಪೂರ್ತಿ ಬರೆದೆ.

ಪ್ರಾಜೆಕ್ಟ್ ನೋಡಿಕೊಳ್ಳುವವರಿಗೆ ಕನ್ನಡ ಬರುವುದಿಲ್ಲ. ಆದರೂ ಸರಿಯಾದ ಪ್ರಶ್ನೆಯನ್ನೇ ಕೇಳಿದರು: ಹೀಗೆ ಕತ್ತರಿಸಿದ ಮೇಲೆ ಉಳಿದದ್ದು ನಿಮ್ಮವರಿಗೆ ಓದಲು ಬರುತ್ತದೆಯೇ? ಚೌಕ ಹೋಗಿತ್ತು ನಿಜ, ‘ಮಲ್ಲಿಕಾರ್ಜ’ ಹಾಗೇ ಇತ್ತು. ‘ರ್ಜು’ ಒಂದೇ ಅಕ್ಷರ, ಒಳಗೆ ನಾಲ್ಕು ಸಂಕೇತ. ‘ರ್’ ಮೊದಲು ಉಚ್ಚರಿಸಿದರೂ ಕಾಗದದ ಮೇಲೆ ಅರ್ಕಾವೊತ್ತಾಗಿ ‘ಜು’ ಆದಮೇಲೆ ಬರುತ್ತದೆ. ಇದನ್ನು ಒಮ್ಮೆಯೂ ಕನ್ನಡ ಕಾಣದವರಿಗೆ ತಿಳಿಯುವಂತೆ ಪ್ಯಾಚ್ ವಿವರಣೆಯಲ್ಲಿ ಬರೆಯಲು ನಾಲ್ಕು ರಾತ್ರಿ ಹಿಡಿಯಿತು. ಕೋಡಿಗೆ ಒಂದು ತಾಸೂ ಬೇಕಾಗಿರಲಿಲ್ಲ.

ಎರಡನೇ ಪ್ಯಾಚ್‌ನಲ್ಲಿ ಇಡೀ ಅಕ್ಷರದ ಗಡಿಗೆ ಸರಿದು ಕತ್ತರಿಸಿದೆ. ಪ್ರಿಂಟ್ ತೆಗೆದು ನೋಡಿದರೆ ‘ಮಲ್ಲಿಕಾ’ ಅಂತ ಬಂದಿತ್ತು.

ಆ ಚೀಟಿಯನ್ನು ಆ ಹಿರಿಯರ ಕೈಗೆ ಹೇಗೆ ಕೊಡಲಿ? ಸ್ವಚ್ಛವಾಗಿ ಕಾಣುವ ತಪ್ಪು ಹೆಸರಿಗಿಂತ ಆ ಕಪ್ಪು ಚೌಕವೇ ವಾಸಿ, ಏನೋ ಕೆಟ್ಟಿದೆ ಎಂದಾದರೂ ಗೊತ್ತಾಗುತ್ತದೆ. ಕತ್ತರಿಸುವುದೇ ಬೇಡ, ಜಾಗ ದೊಡ್ಡದು ಮಾಡಿ ಉದ್ದ ಹೆಸರನ್ನು ಎರಡನೇ ಸಾಲಿಗೆ ಇಳಿಸೋಣ ಎಂದು ಬರೆದೆ. ಅವರು ಒಪ್ಪಿದರು, ಆದರೆ ಒಂದು ಪ್ಯಾಚ್‌ನಲ್ಲಿ ಒಂದೇ ಬದಲಾವಣೆ ಇರಲಿ ಎಂದರು. ಹಾಗಾಗಿ ಮೂರನೇ ಸಲ ಜಾಗ ಹೆಚ್ಚಿಸುವುದು ಒಂದು, ಸಾಲು ಮುರಿಯುವುದು ಇನ್ನೊಂದು ಎಂದು ಎರಡಾಗಿ ಕಳಿಸಿದೆ. ಸೇರಿಸಿಕೊಂಡರು.

ಜೊತೆಗೆ ಪರೀಕ್ಷೆಯ ಕಡತಕ್ಕೆ ಹೆಸರುಗಳನ್ನು ಕೇಳಿದ್ದರು. ನಮ್ಮ ಕಡೆ ಓಣಿಗೊಬ್ಬರು ಸಿಗುವ ಆರು ಹೆಸರು ಕೊಟ್ಟೆ: ಮಲ್ಲಿಕಾರ್ಜುನ, ವಿರೂಪಾಕ್ಷಪ್ಪ, ಶರಣಬಸಪ್ಪ, ಹುಲಿಗೆಮ್ಮ, ದುರುಗಪ್ಪ, ಈರಮ್ಮ. ಈಗ ಯಾರು ಆ ಕೋಡ್ ಮುಟ್ಟಿದರೂ ಪರೀಕ್ಷೆ ಓಡಿಸಿದಾಗ ಈ ಆರೂ ಹೆಸರು ಪೂರ್ತಿ ಬರಲೇಬೇಕು, ಇಲ್ಲದಿದ್ದರೆ ಪರೀಕ್ಷೆ ಫೇಲ್.